ಬಾಯೊಳಗಿನ ಅಡಿಕೆ

ಹೊಗೆಸೊಪ್ಪು ಕೆಟ್ಟದ್ದೆಂದರೆ ಈಗ ಯಾರೂ ವಾದಕ್ಕೆ ನಿಲ್ಲುವುದಿಲ್ಲ. ಅಡಿಕೆಯ ಮಾತೆತ್ತಿದರೆ ಮಾತ್ರ ಮಲೆನಾಡಿನ ಗೆಳೆಯರ ಮುಖ ಸಪ್ಪಗಾಗುತ್ತದೆ. ನಾನೂ ತೋಟದ ಊರಿನವನೇ. ಬಂದವರ ಮುಂದೆ ಕವಳದ ಹರಿವಾಣ ಇಡದಿರುವುದು ನಮ್ಮಲ್ಲಿ ಮರ್ಯಾದೆಯಲ್ಲ. ನನ್ನ ಕಾಲೇಜಿನ ಶುಲ್ಕ ಬಂದುದೂ ಅಡಿಕೆಯ ಮಾರಾಟದಿಂದಲೇ. ಆದರೂ ತಿಳಿದುದನ್ನು ಹೇಳದಿರಲಾಗದು.

ಅಡಿಕೆಯಲ್ಲಿ ಅರಿಕೋಲೀನ್ ಎಂಬ ಸತ್ವವಿದೆ. ಅಗಿದೊಡನೆ ಮೈ ಬೆಚ್ಚಗಾಗಿ ಹಣೆಯಲ್ಲಿ ಬೆವರು ಮೂಡುವುದು ಇದರಿಂದಲೇ. ಇದೇ ಸತ್ವವು ಕೆನ್ನೆಯ ಒಳಪೊರೆಯಡಿಯ ಜೀವಕೋಶಗಳನ್ನು ಕೆಣಕಿ, ಕೊಲಾಜನ್ ಎಂಬ ನಾರನ್ನು ಬೇಕಾದುದಕ್ಕಿಂತ ಹೆಚ್ಚಾಗಿ ಹುಟ್ಟಿಸುತ್ತದೆ. ಅಡಿಕೆಯ ಒಗರು ಹಾಗೆ ಹುಟ್ಟಿದ ನಾರು ಕರಗದಂತೆ ತಡೆಯುತ್ತದೆ. ಮೊದಲು ಸಾರಿನ ಖಾರ ಉರಿಯುತ್ತದೆ. ಆಗ ಜನ ಅಡಿಗೆಯವರನ್ನು ಬಯ್ಯುತ್ತಾರೆಯೇ ಹೊರತು ಅಡಿಕೆಯನ್ನು ಅನುಮಾನಿಸುವುದಿಲ್ಲ! ಬರಬರುತ್ತ ಕೆನ್ನೆ ಬಿಳಿಚಿ ಗಡುಸಾಗುತ್ತದೆ, ಬಾಯಿ ತೆರೆಯುವುದು ಕಡಮೆಯಾಗುತ್ತದೆ, ಕೊನೆಗೆ ಅನ್ನದ ತುತ್ತು ಹಿಡಿಸುವುದೂ ಕಷ್ಟವಾಗುತ್ತದೆ. ಕೆಲವರಲ್ಲಿ ಇದು ಬಾಯಿಯ ಕ್ಯಾನ್ಸರಿಗೆ ತಿರುಗುವುದುಂಟು.

1952ರಲ್ಲಿ ಷ್ವಾರ್ಟ್ಜ್ ಎಂಬವರು ಕೀನ್ಯಾದಲ್ಲಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಈ ಬೇನೆಯನ್ನು ಕಂಡು ವರ್ಣಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1985ರಲ್ಲಿ ತಂಬಾಕು ಸೇರಿದ ತಾಂಬೂಲವನ್ನು ಕ್ಯಾನ್ಸರ್‌ಕಾರಕವೆಂದಿತು. ತಂಬಾಕಿನ ಸೋಂಕೇ ಇಲ್ಲದ ಅಡಿಕೆಯೂ ಹಾಗೆಯೇ ಎಂದು ಪ್ರಕಟಿಸಿದುದು 2004ರಲ್ಲಿ. ನಮ್ಮ ಹಿರಿಯರಿಗೆ ಇದು ತಿಳಿದಿರಲಿಲ್ಲವೆಂದರೆ ಆಶ್ಚರ್ಯವಿಲ್ಲ. ವರ್ಷಾನುಗಟ್ಟಲೆ ಸದ್ದಿಲ್ಲದೆ ನಡೆಯುವ ಕೆಲಸವನ್ನು ಊಟದ ಮೇಲಿನ ಒಂದು ಹೋಳಿನೊಡನೆ ಹೊಂದಿಸಿ ನೋಡುವುದು ಹೇಗೆ?

ನನಗೆ ಹೆಚ್ಚು ಭಯ ಹುಟ್ಟಿಸುವುದು ಹರಿವಾಣವಲ್ಲ, ಪೊಟ್ಟಣ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲೆಯಲ್ಲಿ ತಂಬಾಕಿಲ್ಲವೆಂಬ ಧೈರ್ಯದಿಂದ ನಮ್ಮ ವಯಸ್ಸಿನವರು ಬೆಳಗಿನಿಂದಲೇ ಅದನ್ನು ಕೆನ್ನೆಗಿಟ್ಟುಕೊಳ್ಳುತ್ತಾರೆ. ಎಲೆಯಿಲ್ಲದ ಈ ಒಣ ಅಡಿಕೆಯಿಂದ ಬೇನೆ ಕವಳಕ್ಕಿಂತ ಬೇಗ ಬರುವುದೆಂದು ವೈದ್ಯರು ಕಂಡುಕೊಂಡಿದ್ದಾರೆ. ಇಪ್ಪತ್ತು, ಇಪ್ಪತ್ತೈದರ ತರುಣರೂ ಬಾಯಿ ತೆರೆಯಲಾರದೆ ಆಸ್ಪತ್ರೆಗೆ ಬರುತ್ತಾರೆ.

ಒಂದು ಪರೀಕ್ಷೆಯನ್ನು ಇಲ್ಲಿಯೇ ಮಾಡಿಕೊಳ್ಳಬಹುದು. ತೋರುಬೆರಳು, ನಡುಬೆರಳು, ಉಂಗುರಬೆರಳು—ಈ ಮೂರನ್ನು ಸೇರಿಸಿ ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ ದಂತವೈದ್ಯರಲ್ಲಿಗೆ ಹೋಗಬೇಕು. ಕಟ್ಟಿದ ನಾರನ್ನು ಪೂರ್ತಿ ಬಿಡಿಸುವ ಮದ್ದಿಲ್ಲ. ಅಭ್ಯಾಸ ಬಿಟ್ಟರೆ ಬೇನೆಯ ವೇಗ ತಗ್ಗುತ್ತದೆ, ಬಿಟ್ಟುದು ಬೇಗನಾದಷ್ಟೂ ಬಾಯಿ ಉಳಿಯುತ್ತದೆ.