ನಡುವರ್ಷಕ್ಕೆ ಬರುವ ಮಕ್ಕಳು

ಪ್ರೀತಿಯ ಮಗಳೇ,

ಬೆಂಗಳೂರಿನ ಅಂಚಿನ ಸರ್ಕಾರಿ ಶಾಲೆಗೆ ನೇಮಕವಾದ ಸುದ್ದಿ ತಿಳಿದು ಸಂತೋಷವಾಯಿತು. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಗುಳೆ ಬಂದವರ ಮಕ್ಕಳು ನಡುವರ್ಷಕ್ಕೆ ಸೇರಿ, ಯುಗಾದಿ ಬಂತೆಂದರೆ ಊರಿಗೆ ಹೊರಟುಬಿಡುತ್ತಾರೆ, ಇವರಿಗೆ ಏನು ಕಲಿಸಲಿ ಎಂದು ಕೇಳಿದ್ದೀಯ.

ಮೊದಲು ದಾಖಲಾತಿ. ಟಿ.ಸಿ. ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಎಂದು ಯಾರಾದರೂ ಮಗುವನ್ನು ಹಿಂದಕ್ಕೆ ಕಳಿಸಹೊರಟರೆ ತಡೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆ ಎರಡು ನೆಪಗಳಿಗೂ ಅವಕಾಶ ಕೊಟ್ಟಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ ಅದರ 4ನೇ ಸೆಕ್ಷನ್. ಊರಿನ ಶಾಲೆಗೆ ಫೋನ್ ಮಾಡಿ, ಸರ್ಕಾರದ ವಿದ್ಯಾರ್ಥಿ ದಾಖಲೆಯಲ್ಲಿ ಮಗುವಿಗಿರುವ ಸ್ಯಾಟ್ಸ್ ಸಂಖ್ಯೆ ಕೇಳು; ಹಾಗೆಯೇ ಮಗು ಎಲ್ಲಿಯವರೆಗೆ ಕಲಿತಿತ್ತು ಎಂಬುದನ್ನೂ ಕೇಳು.

ಮೊದಲ ವಾರ ಪರೀಕ್ಷೆ ಇಡಬೇಡ. ಐದನೇ ತರಗತಿಯಲ್ಲಿ ಕೂತವನಿಗೆ ಕಾಗುಣಿತ ಬರದಿರಬಹುದು. ಅಪ್ಪನ ವಾರದ ಬಟವಾಡೆಯಲ್ಲಿ ಮುಂಗಡ ಮುರಿದರೆ ಉಳಿಯುವುದೆಷ್ಟು ಎಂಬುದನ್ನು ಬಾಯಲ್ಲೇ ಹೇಳಿಯಾನು. ಆ ಲೆಕ್ಕವನ್ನೇ ಬೋರ್ಡಿಗೆ ತಾ. ಅವನ ಸೀಮೆಯ ಮಾತಿಗೆ ತರಗತಿ ನಕ್ಕರೆ ಅಂದೇ ನಿಲ್ಲಿಸು. ನಗೆಪಾಟಲಾದ ಮಗು ಮತ್ತೆ ಬಾಯಿ ಬಿಡುವುದಿಲ್ಲ. ತಂಗಿಯನ್ನು ಕಂಕುಳಲ್ಲಿ ಹೊತ್ತು ಬರುವ ಹುಡುಗಿಯನ್ನು ಕೂಸಿನ ಸಮೇತ ಒಳಗೆ ಕೂರಿಸು. ಕೂಸನ್ನು ಬಿಟ್ಟು ಬಾ ಎಂದೆಯೋ, ನಾಳೆ ಇಬ್ಬರೂ ಇಲ್ಲ.

ಪಾಠಕ್ಕೆ, 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದ ನಲಿ–ಕಲಿಯನ್ನು ನೋಡು. ಕಾರ್ಡುಗಳಿಂದ ಕಲಿಯುವ ಮಗು ತಾನು ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯುತ್ತದೆ. ಉಳಿದವರನ್ನು ಹಿಡಿಯಲು ಓಡಬೇಕಿಲ್ಲ. ಚಿಕ್ಕ ತರಗತಿಗಳ ಈ ಕ್ರಮವನ್ನು ದೊಡ್ಡ ಮಕ್ಕಳಿಗೂ ಹೊಂದಿಸಿಕೋ. ಒಂದು ವಾರದ ಪಾಠ ಆ ವಾರವೇ ಮುಗಿಯಲಿ. ಬರುವ ಸೋಮವಾರ ಆ ಮಗು ನಿನ್ನೆದುರು ಇರುತ್ತದೆಂಬ ಖಾತ್ರಿ ಇಲ್ಲ.

ಅವರು ಊರಿಗೆ ಹೊರಡುವ ದಿನ ಕಟ್ಟಡ ಕೆಲಸದ ಮೇಸ್ತ್ರಿಗೆ ಮೊದಲೇ ಗೊತ್ತಿರುತ್ತದೆ. ಆತನ ಪರಿಚಯ ಇಟ್ಟುಕೋ. ಮಗು ಏನು ಕಲಿತಿದೆ, ಎಲ್ಲಿ ತಡವರಿಸುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ತಾಯಿಯ ಕೈಗೆ ಕೊಡು. ಮುಂದಿನ ಮೇಷ್ಟ್ರು ಮತ್ತೆ ಅ ಆ ಇ ಈಯಿಂದ ತೊಡಗುವುದು ತಪ್ಪೀತು.

ನಿನ್ನ ಶಾಲೆಯ ಫಲಿತಾಂಶದಲ್ಲಿ ಈ ದುಡಿಮೆ ಕಾಣುವುದಿಲ್ಲ. ಲಾಭ ಇನ್ನೊಂದು ಶಾಲೆಯ ಲೆಕ್ಕಕ್ಕೆ ಹೋಗುತ್ತದೆ. ಹೋಗಲಿ ಬಿಡು. ಆ ಶಾಲೆ ಕಲಿಸಿದ ಮಕ್ಕಳೂ ನಿನ್ನ ಬಳಿಗೆ ಬರುತ್ತಾರಲ್ಲ!

ಇಂತಿ ಆಶೀರ್ವಾದಗಳು,
ನಿನ್ನ ಹಳೆಯ ಮೇಷ್ಟ್ರು