ಕಡಿಮೆ ಬೆಲೆಯ ಹಾಡಿನ ಯಂತ್ರ: ಕೊಳ್ಳುವ ಕ್ರಮ, ಬಳಸುವ ಕ್ರಮ



ಶ್ರಾವಣ ಮಾಸ ಹತ್ತಿರವಾದಂತೆ ಅಕ್ಕಲಕೋಟ, ಜತ್ತ, ಸೊಲ್ಲಾಪುರ ಭಾಗದ ಭಕ್ತರು ಮಠದ ಕಚೇರಿಯಲ್ಲಿ ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ. "ಮನೆಯಲ್ಲಿ ಹಿರಿಯರು ವಚನ, ಪ್ರವಚನ ಕೇಳಬೇಕೆನ್ನುತ್ತಾರೆ. ಟೇಪ್‌ರೆಕಾರ್ಡರ್ ಕೆಟ್ಟು ಮೂಲೆ ಸೇರಿದೆ. ದೊಡ್ಡ ಫೋನು ಅವರ ಕೈಗೆ ಒಗ್ಗುವುದಿಲ್ಲ. ಕಡಿಮೆ ರೊಕ್ಕದಲ್ಲಿ ಏನು ಕೊಳ್ಳಬೇಕು?" ಈ ಪ್ರಶ್ನೆಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವುದರ ಬದಲು ಎಲ್ಲರಿಗೂ ಉಪಯೋಗವಾಗಲೆಂದು ಈ ಪಾಠವನ್ನು ಬರೆಯಲಾಗಿದೆ.

ವಿಷಯ ಸಣ್ಣದೆಂದು ತಿಳಿಯಬಾರದು. ನಮ್ಮ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ಓದುವುದು ಮರಾಠಿ. ಪೇಟೆಯ ಫಲಕ, ಕಚೇರಿಯ ಕಾಗದ ಎಲ್ಲವೂ ಮರಾಠಿ. ಅವರಿಗೆ ಕನ್ನಡ ದೊರೆಯುವುದು ಬಹುಪಾಲು ಕಿವಿಯಿಂದ, ಅದೂ ಮನೆಯೊಳಗೆ. ಆದ್ದರಿಂದ ಮನೆಯಲ್ಲಿ ಕನ್ನಡದ ಧ್ವನಿ ಕೇಳಿಸುವ ಒಂದು ಸಾಧನವಿರುವುದು ಅವಶ್ಯ. ಅದನ್ನು ಲೆಕ್ಕ ಹಾಕಿ ಕೊಳ್ಳುವುದು ಜಾಣತನ.

1. ಮೊದಲು ಮನೆಯಲ್ಲಿ ಹುಡುಕಿರಿ

ಪೇಟೆಗೆ ಹೋಗುವ ಮೊದಲು ಮನೆಯ ಕಪಾಟು ತೆಗೆದು ನೋಡಿರಿ. ಗಾಜು ಬಿರಿದ ಅಥವಾ ಮಕ್ಕಳು ಬಳಸಿ ಬಿಟ್ಟ ಹಳೆಯ ಸ್ಮಾರ್ಟ್‌ಫೋನ್ ಇದ್ದರೆ, ಸಿಮ್ ತೆಗೆದು, ಇಂಟರ್ನೆಟ್ ಬಂದ್ ಮಾಡಿ, ಹಾಡು ತುಂಬಿಸಿದರೆ ಅದೇ ಒಳ್ಳೆಯ ಯಂತ್ರ. ವಿಎಲ್‌ಸಿ ಎಂಬ ಉಚಿತ ಆ್ಯಪ್ ಹಾಕಿಕೊಂಡರೆ ಬಹುತೇಕ ಎಲ್ಲ ಬಗೆಯ ಹಾಡು, ವಿಡಿಯೋ ಅದರಲ್ಲಿ ನಡೆಯುತ್ತವೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಅದನ್ನು ಬಳಸಬಾರದು.

ಅಜ್ಜನ ಕೈಯಲ್ಲಿರುವ ಗುಂಡಿ ಫೋನಿನಲ್ಲಿಯೂ ಅನೇಕ ಸಲ ಮೆಮೊರಿ ಕಾರ್ಡ್ ಹಾಕುವ ಜಾಗ ಇರುತ್ತದೆ. ಹಾಗಿದ್ದರೆ ಖರ್ಚು ಒಂದು ಕಾರ್ಡಿನದು ಮಾತ್ರ.

2. ಪೇಟೆಯಲ್ಲಿ ದೊರೆಯುವ ಬಗೆಗಳು

ಆಪಲ್ ಕಂಪನಿ 2001ರಲ್ಲಿ ತಂದ ಪ್ರಸಿದ್ಧ ಐಪಾಡನ್ನು 2022ರಲ್ಲಿ ನಿಲ್ಲಿಸಿತು. ಫೋನಿನಲ್ಲಿಯೇ ಹಾಡು ಬಂದ ಮೇಲೆ ಹೆಸರಾಂತ ಕಂಪನಿಗಳು ಅಗ್ಗದ ಯಂತ್ರಗಳನ್ನು ಬಹುಮಟ್ಟಿಗೆ ಕೈಬಿಟ್ಟವು. ಈಗ ಕಡಿಮೆ ಬೆಲೆಗೆ ಸಿಗುವ ಮಾಲಿನಲ್ಲಿ ಹೆಚ್ಚಿನದು ಹೆಸರಿಲ್ಲದ್ದು. ಆದ್ದರಿಂದಲೇ ಎಚ್ಚರ ಬೇಕು.

ಅ) ಗುಂಡಿ ಫೋನ್: ಹಾಡು, ರೇಡಿಯೋ, ಟಾರ್ಚು, ಕರೆ ಎಲ್ಲವೂ ಒಂದರಲ್ಲಿ. ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಹೊಲಕ್ಕೆ ಹೋಗುವವರಿಗೆ ಇದು ಅನುಕೂಲ.

ಆ) ಕಾರ್ಡ್ ಅಥವಾ ಪೆನ್‌ಡ್ರೈವ್ ಹಾಕುವ ಸಣ್ಣ ಸ್ಪೀಕರ್: ನಾಲ್ಕು ಜನ ಕೂಡಿ ಕೇಳಬಹುದು. ಹಿರಿಯರು, ಭಜನಾ ಸಂಘ, ಅಂಗಡಿಯ ಗಲ್ಲೆಗೆ ಇದೇ ಯೋಗ್ಯ.

ಇ) ಎಂಪಿ3 ಪ್ಲೇಯರ್: ಕಿಸೆಯಲ್ಲಿ ಹಿಡಿಸುತ್ತದೆ, ಇಯರ್‌ಫೋನ್‌ನಿಂದ ಒಬ್ಬರೇ ಕೇಳಬೇಕು.

ಈ) ಸಣ್ಣ ಪರದೆಯ ವಿಡಿಯೋ ಪ್ಲೇಯರ್: ಇದನ್ನು ಕುರಿತು ಮುಂದೆ ಹೇಳಿದೆ.

ಯಾವುದನ್ನೇ ಕೊಂಡರೂ ಎರಡು ಗುಣ ನೋಡಿರಿ. ಒಂದು, ಕಾರ್ಡು ಹೊರಗೆ ತೆಗೆಯಲು ಬರಬೇಕು. ಎರಡು, ಬ್ಯಾಟರಿ ಬದಲಿಸಲು ಬರಬೇಕು. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಪೂರ್ತಿ ಚಾರ್ಜಾದ ಮೇಲೆ ಬಲ ಕಳೆದುಕೊಳ್ಳುತ್ತದೆ. ಒಳಗೇ ಬೆಸುಗೆ ಹಾಕಿದ ಬ್ಯಾಟರಿ ಸತ್ತರೆ ಯಂತ್ರವೂ ಸತ್ತಂತೆ. ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಮಾದರಿಯ ಬ್ಯಾಟರಿ ಹಾಕುವ ಸ್ಪೀಕರ್‌ಗಳು ಪೇಟೆಯಲ್ಲಿವೆ. ಅಂಥದರಲ್ಲಿ ಬ್ಯಾಟರಿಯನ್ನು ಮನೆಯಲ್ಲಿಯೇ ಬದಲಿಸಬಹುದು.

3. ಎಷ್ಟು ಜಿಬಿ ಬೇಕು? ಒಂದು ಲೆಕ್ಕ

ಅಂಗಡಿಯವರು "64 ಜಿಬಿ ಒಯ್ಯಿರಿ, 128 ಜಿಬಿ ಒಯ್ಯಿರಿ" ಎನ್ನುತ್ತಾರೆ. ನಾವು ಲೆಕ್ಕ ಹಾಕಿ ನೋಡೋಣ.

ಎಂಪಿ3 ಹಾಡನ್ನು ಸಾಮಾನ್ಯವಾಗಿ 128 ಕೆಬಿಪಿಎಸ್ ಎಂಬ ದರದಲ್ಲಿ ಉಳಿಸಿದರೆ ಒಂದು ನಿಮಿಷಕ್ಕೆ ಸುಮಾರು 1 ಎಂಬಿ ಜಾಗ ಹಿಡಿಯುತ್ತದೆ. 5 ನಿಮಿಷದ ಒಂದು ವಚನ ಗಾಯನಕ್ಕೆ 5 ಎಂಬಿ. 8 ಜಿಬಿ ಎಂದರೆ ಸುಮಾರು 8,000 ಎಂಬಿ. ಅಂದರೆ ಅಂಥ 1,600 ಹಾಡು. ಒಟ್ಟು 8,000 ನಿಮಿಷ, ಅಂದರೆ 133 ಗಂಟೆ. ದಿನಕ್ಕೆ 2 ಗಂಟೆ ಕೇಳಿದರೂ ಎರಡು ತಿಂಗಳು ಮತ್ತೆ ಅದೇ ಹಾಡು ಬರುವುದಿಲ್ಲ.

ಪ್ರವಚನ ಬರೀ ಮಾತು. ಅದಕ್ಕೆ 64 ಕೆಬಿಪಿಎಸ್ ಸಾಕು. ಒಂದು ಗಂಟೆಯ ಪ್ರವಚನಕ್ಕೆ ಸುಮಾರು 29 ಎಂಬಿ. ಶ್ರಾವಣದ 30 ದಿನದ ಪುರಾಣ ಪ್ರವಚನ, ದಿನಕ್ಕೆ ಒಂದು ಗಂಟೆಯಂತೆ, 1 ಜಿಬಿಗಿಂತ ಕಡಿಮೆ ಜಾಗದಲ್ಲಿ ಕೂಡುತ್ತದೆ. ಆದ್ದರಿಂದ ಬರೀ ಕೇಳುವುದಕ್ಕಾದರೆ 8 ಅಥವಾ 16 ಜಿಬಿ ಧಾರಾಳ. ಅವು ಅಂಗಡಿಯಲ್ಲಿ ಸಿಗದಿದ್ದರೆ 32 ಜಿಬಿ ತೆಗೆದುಕೊಳ್ಳಿರಿ. ಅದರಾಚೆಗೆ ಹೋಗಬೇಡಿರಿ. 32 ಜಿಬಿಗಿಂತ ದೊಡ್ಡ ಕಾರ್ಡುಗಳ ಒಳಗಿನ ವ್ಯವಸ್ಥೆ ಬೇರೆ. ಅಗ್ಗದ ಯಂತ್ರಗಳಲ್ಲಿ ಅನೇಕವು ಅವುಗಳನ್ನು ಓದುವುದಿಲ್ಲ.

ಇನ್ನೊಂದು ಮಾತು. 32 ಜಿಬಿ ಕಾರ್ಡು ಹಾಕಿದಾಗ ಕಂಪ್ಯೂಟರು 29.8 ಎಂದು ತೋರಿಸಿದರೆ ಅದು ಮೋಸವಲ್ಲ. ಮಾಡಿದವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ಕಂಪ್ಯೂಟರು 1,024ರ ಲೆಕ್ಕದಲ್ಲಿ ಅಳೆಯುತ್ತದೆ. ಕಾಳು ಒಂದೇ, ಸೇರು ಬೇರೆ.

4. ವಿಡಿಯೋ ಬೇಕೆನ್ನುವವರಿಗೆ

"ಎಂಪಿ4 ಪ್ಲೇಯರ್" ಎಂದು ಡಬ್ಬಿಯ ಮೇಲೆ ಬರೆದ ಮಾತ್ರಕ್ಕೆ ಅದರಲ್ಲಿ ಎಂಪಿ4 ವಿಡಿಯೋ ನಡೆಯುತ್ತದೆಂದು ತಿಳಿಯಬಾರದು. ಅಗ್ಗದ ಅನೇಕ ಯಂತ್ರಗಳು ಎಎಂವಿ ಅಥವಾ ಎವಿಐ ಎಂಬ ಬೇರೆ ರೂಪದ ವಿಡಿಯೋಗಳನ್ನಷ್ಟೇ ತೋರಿಸುತ್ತವೆ. ಫೋನಿನಲ್ಲಿ ಚಿತ್ರೀಕರಿಸಿದ ಮದುವೆ, ಜಾತ್ರೆಯ ವಿಡಿಯೋವನ್ನು ಕಂಪ್ಯೂಟರಿನಲ್ಲಿ ಆ ರೂಪಕ್ಕೆ ಬದಲಿಸಿ, ಸಣ್ಣದು ಮಾಡಿ ಹಾಕಬೇಕಾಗುತ್ತದೆ. ಪರದೆಯೂ ಎರಡು ಇಂಚಿನ ಆಸುಪಾಸು. ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯ ನಂದಿಧ್ವಜದ ಮೆರವಣಿಗೆಯನ್ನು ಅದರಲ್ಲಿ ನೋಡಿದರೆ ಕೋಲು ಕಂಡೀತು, ಜನ ಕಾಣರು. ವಿಡಿಯೋ ನೋಡುವ ಆಸೆಯಿದ್ದರೆ ಹಳೆಯ ಸ್ಮಾರ್ಟ್‌ಫೋನೇ ಲೇಸು. ಕೇಳುವುದಕ್ಕೆ ಮಾತ್ರ ಬೇಕಾದವರು ಪರದೆಗಾಗಿ ರೊಕ್ಕ ಕೊಡಬಾರದು.

5. ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಅಂಗಡಿಯವರು ಹಚ್ಚಿ ತೋರಿಸುವ ಹಾಡು ಚೆನ್ನಾಗಿಯೇ ಇರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಕಾರ್ಡಿನಲ್ಲಿ ನಿಮ್ಮದೇ ಒಂದು ಪ್ರವಚನ, ಒಂದು ಹಾಡು ಹಾಕಿಕೊಂಡು ಹೋಗಿ ಅಲ್ಲಿಯೇ ಹಚ್ಚಿ ಕೇಳಿರಿ. ಮಾತು ಸ್ಪಷ್ಟವಾಗಿ ಕೇಳಿಸುತ್ತದೆಯೇ? ಬಂದ್ ಮಾಡಿ ಮತ್ತೆ ಹಚ್ಚಿದಾಗ ನಿಲ್ಲಿಸಿದ ಕಡೆಯಿಂದಲೇ ಶುರುವಾಗುತ್ತದೆಯೇ? ಗಂಟೆಗಟ್ಟಲೆ ಪ್ರವಚನ ಕೇಳುವವರಿಗೆ ಇದು ಬಹಳ ಮುಖ್ಯ. ಹಿರಿಯರು ಕನ್ನಡಕವಿಲ್ಲದೆ, ಕೈಯಿಂದ ತಡವಿಯೇ ಗುಂಡಿ ಒತ್ತಬಲ್ಲರೇ? ಸಾಧ್ಯವಾದರೆ ಯಾರಿಗಾಗಿ ಕೊಳ್ಳುತ್ತೀರೋ ಅವರನ್ನೇ ಕರೆದುಕೊಂಡು ಹೋಗಿರಿ.

ರೇಡಿಯೋ ಇದ್ದರೆ ಸಂತೋಷ. ಆದರೆ ಎಫ್‌ಎಂ ಅಲೆ ದೂರ ಹೋದಂತೆ ಕ್ಷೀಣಿಸುತ್ತದೆ. ಸೊಲ್ಲಾಪುರದ ಅಂಗಡಿಯಲ್ಲಿ ಬಂದದ್ದು ನಿಮ್ಮೂರಲ್ಲಿ ಬಂದೇ ಬರುತ್ತದೆಂದು ನಂಬಬೇಡಿರಿ. ಅನೇಕ ಯಂತ್ರಗಳಲ್ಲಿ ಇಯರ್‌ಫೋನಿನ ವಾಯರೇ ಆಂಟೆನಾ ಆಗಿರುತ್ತದೆ.

6. ಸುಳ್ಳು ಕಾರ್ಡುಗಳು

ಈ ವ್ಯಾಪಾರದಲ್ಲಿ ದೊಡ್ಡ ಮೋಸ ನಡೆಯುವುದು ಕಾರ್ಡಿನಲ್ಲಿ. ಒಳಗೆ ಇರುವುದು 4 ಅಥವಾ 8 ಜಿಬಿ. ಆದರೆ 64 ಎಂದು ಸುಳ್ಳು ಹೇಳುವಂತೆ ಅದನ್ನು ಸಿದ್ಧಪಡಿಸಿರುತ್ತಾರೆ. ಕಂಪ್ಯೂಟರಿಗೆ ಹಾಕಿದರೂ 64 ಎಂದೇ ತೋರಿಸುತ್ತದೆ. ಮೊದಲು ಹಾಕಿದ ಹಾಡುಗಳು ಚೆನ್ನಾಗಿ ನಡೆಯುತ್ತವೆ. ನಿಜವಾದ ಜಾಗ ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳು. ಹೆಸರು ಕಾಣುತ್ತದೆ, ಧ್ವನಿ ಇರುವುದಿಲ್ಲ. ತಳವಿಲ್ಲದ ಹಗೇವಿಗೆ ಜೋಳ ಸುರಿದಂತೆ.

ಪರೀಕ್ಷೆ ಸುಲಭ. ಹೊಸ ಕಾರ್ಡನ್ನು ಕಂಪ್ಯೂಟರಿನಲ್ಲಿ ಪೂರ್ತಿ ತುಂಬಿರಿ. ಹೊರಗೆ ತೆಗೆದು ಮತ್ತೆ ಹಾಕಿರಿ. ಮೊದಲಿನದು, ನಡುವಿನ ಹತ್ತಾರು, ಕಡೆಯದು ಹೀಗೆ ಹಚ್ಚಿ ನೋಡಿರಿ. ಕಂಪ್ಯೂಟರ್ ಬಲ್ಲವರು ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಇದೇ ಪರೀಕ್ಷೆಯನ್ನು ಪೂರ್ಣವಾಗಿ ಮಾಡಬಹುದು. ಕೊಂಡ ವಾರದೊಳಗೇ ಇದು ಮುಗಿಯಬೇಕು. ಆಗ ಮಾತ್ರ ಅಂಗಡಿಯವರ ಎದುರು ಮಾತಾಡಲು ಬರುತ್ತದೆ.

7. ಬಿಲ್ಲು ಮತ್ತು ಕಾನೂನು

ನೂರು ರೂಪಾಯಿಯ ವಸ್ತುವಾದರೂ ಬಿಲ್ಲು ಕೇಳಿರಿ. ಅದರಲ್ಲಿ ಅಂಗಡಿಯ ಹೆಸರು, ತಾರೀಖು, ವಸ್ತುವಿನ ಮಾದರಿ ಬರೆಸಿರಿ. ಡಬ್ಬಿಯ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ಗರಿಷ್ಠ ಮಾರಾಟ ಬೆಲೆ, ಆಮದಾದ ಮಾಲಿಗೆ ತಯಾರಾದ ದೇಶದ ಹೆಸರು ಇರಬೇಕೆಂಬುದು ಕಾನೂನು. ಇವು ಯಾವುವೂ ಇಲ್ಲದ ಡಬ್ಬಿಯನ್ನು ಕೊಳ್ಳಬೇಡಿರಿ. ಮೊಬೈಲ್ ಫೋನು, ಲಿಥಿಯಂ ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಅವುಗಳ ಮೇಲೆ 'ಆರ್' ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು.

ಗಡಿಭಾಗದವರಿಗೆ ಒಂದು ಅನುಕೂಲ ತಿಳಿದಿರಲಿ. ಒಂದು ರಾಜ್ಯದಲ್ಲಿ ಮನೆ, ಇನ್ನೊಂದು ರಾಜ್ಯದಲ್ಲಿ ಪೇಟೆ ಇರುವವರು ನಾವು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ವಸ್ತುವನ್ನು ಎಲ್ಲಿಯೇ ಕೊಂಡಿರಲಿ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. 5 ಲಕ್ಷ ರೂಪಾಯಿಯವರೆಗಿನ ದೂರಿಗೆ ಶುಲ್ಕವಿಲ್ಲ. ಅವಧಿ 2 ವರ್ಷ. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕನ್ನಡದಲ್ಲಿಯೇ ಮಾತಾಡಬಹುದು. ಆದರೆ ಮಾರುವುದಕ್ಕಾಗಿ ಮಾಲು ತರುವ ವ್ಯಾಪಾರಿ ಬಾಂಧವರು ಈ ಕಾಯ್ದೆಯಲ್ಲಿ ಗ್ರಾಹಕರೆನಿಸುವುದಿಲ್ಲ. ಅವರು ತರುವಾಗಲೇ ನೋಡಿ ತರಬೇಕು.

8. ದಿನಬಳಕೆಯ ನಿಯಮಗಳು

ಅಗ್ಗದ ಯಂತ್ರಗಳಲ್ಲಿ ಅನೇಕವು ಕನ್ನಡ ಅಕ್ಷರ ತೋರಿಸುವುದಿಲ್ಲ, ಬರೀ ಚೌಕಗಳು ಕಾಣುತ್ತವೆ. ಆದ್ದರಿಂದ ಹಾಡುಗಳಿಗೆ 001, 002 ಎಂದು ಸಂಖ್ಯೆ ಕೊಟ್ಟು, ಯಾವ ಸಂಖ್ಯೆ ಯಾವ ಹಾಡೆಂಬುದನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಕೆಲವು ಯಂತ್ರಗಳು ಹೆಸರಿನ ಕ್ರಮ ನೋಡದೆ, ಕಾರ್ಡಿಗೆ ಹಾಕಿದ ಕ್ರಮದಲ್ಲಿ ಹಾಡುತ್ತವೆ. ಪ್ರವಚನದ ಮೂರನೆಯ ದಿನ ಮೊದಲು ಬಂದು ಒಂದನೆಯ ದಿನ ಆಮೇಲೆ ಬಂದರೆ ಕಾರಣ ಇದೇ. ಒಂದೊಂದನ್ನೇ ಕ್ರಮವಾಗಿ ಹಾಕಿದರೆ ಸರಿಹೋಗುತ್ತದೆ.

ಯಂತ್ರವನ್ನು ಟ್ರ್ಯಾಕ್ಟರಿನ ಮೇಲೆ, ಬಿಸಿಲಿನಲ್ಲಿ ಇಡಬೇಡಿರಿ. ಬಿಸಿಯೇ ಬ್ಯಾಟರಿಯ ಶತ್ರು. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ಎತ್ತಿಡಿರಿ.

ಕಿವಿಯನ್ನು ಕುರಿತೂ ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ 4 ಗಂಟೆ ಮಾತ್ರ. ಯಂತ್ರದ ಪೂರ್ಣ ಧ್ವನಿಯಲ್ಲಿ ನೂರಕ್ಕೆ 60ರ ಒಳಗೆ ಇರಲಿ. ಟ್ರ್ಯಾಕ್ಟರಿನ ಸದ್ದು ಮೀರಿಸಲು ಇಯರ್‌ಫೋನಿನ ಧ್ವನಿ ಏರಿಸುವುದು ಕಿವಿಗೆ ತೀರ ಅಪಾಯ. ಗಾಡಿ ನಡೆಸುವಾಗ, ರಸ್ತೆ ದಾಟುವಾಗ, ರಾತ್ರಿ ನೀರು ಹಾಯಿಸುವಾಗ ಇಯರ್‌ಫೋನ್ ಕಿವಿಯಲ್ಲಿ ಇರಲೇಬಾರದು.

9. ಯಂತ್ರದೊಳಗೆ ಏನು ತುಂಬಬೇಕು?

ಪಾಠದ ಮುಖ್ಯ ಭಾಗ ಇದು. ಕಾರ್ಡಿಗೆ ಹಾಡು ತುಂಬಿಕೊಡುವ ಅಂಗಡಿಯಲ್ಲಿ ದುಡ್ಡು ಕೊಟ್ಟು ತುಂಬಿಸುವುದು ಕೃತಿಸ್ವಾಮ್ಯದ ಉಲ್ಲಂಘನೆ. ವಚನಗಳು 12ನೆಯ ಶತಮಾನದವು, ಅವು ಯಾರ ಸ್ವತ್ತೂ ಅಲ್ಲ. ಆದರೆ ಅವುಗಳ ಧ್ವನಿಮುದ್ರಣಕ್ಕೆ, ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಹಾಡಿದವರ ಶ್ರಮಕ್ಕೆ ಬೆಲೆ ಕೊಟ್ಟು ಪಡೆಯುವುದು ಧರ್ಮ.

ಅಂಗಡಿಯಲ್ಲಿಯೂ ಇಂಟರ್ನೆಟ್ಟಿನಲ್ಲಿಯೂ ಸಿಗದ ಸಂಪತ್ತು ನಿಮ್ಮ ಮನೆಯ ಟ್ರಂಕಿನಲ್ಲಿರಬಹುದು. ಅಜ್ಜಿಯ ಬೀಸುವ ಪದ, ಮದುವೆಯ ಸೋಬಾನೆ, ಊರ ಭಜನೆ, ಲಿಂಗೈಕ್ಯರಾದ ಹಿರಿಯರ ಮಾತು, ಇವುಗಳನ್ನು ಹಿಡಿದಿಟ್ಟ ಕ್ಯಾಸೆಟ್ಟುಗಳು ಅನೇಕ ಮನೆಗಳಲ್ಲಿವೆ. ಅವು ವರ್ಷದಿಂದ ವರ್ಷಕ್ಕೆ ಕೆಡುತ್ತಿವೆ. ಹಚ್ಚುವ ಟೇಪ್‌ರೆಕಾರ್ಡರುಗಳೂ ಕಡಿಮೆಯಾಗುತ್ತಿವೆ.

ವಿಧಾನ ಕಷ್ಟವಲ್ಲ. ನಡೆಯುವ ಒಂದು ಟೇಪ್‌ರೆಕಾರ್ಡರ್ ಹುಡುಕಿರಿ. ಅದರ ಇಯರ್‌ಫೋನ್ ರಂಧ್ರದಿಂದ ಕಂಪ್ಯೂಟರಿನ ಲೈನ್-ಇನ್ ರಂಧ್ರಕ್ಕೆ ಒಂದು ವಾಯರ್ ಜೋಡಿಸಿರಿ. ಲ್ಯಾಪ್‌ಟಾಪಿನಲ್ಲಿ ಅಂಥ ರಂಧ್ರವಿಲ್ಲದಿದ್ದರೆ ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಸಿಗುತ್ತದೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಮುದ್ರಿಸಿ, ಎಂಪಿ3 ಮಾಡಿ ಉಳಿಸಿರಿ. ಧ್ವನಿಯನ್ನು ಸಣ್ಣದಾಗಿಟ್ಟು ಮೊದಲು ಒಂದು ನಿಮಿಷ ಪರೀಕ್ಷಿಸಿರಿ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷ ಹಿಡಿಯುತ್ತದೆ. ಇದಕ್ಕೆ ಅಡ್ಡದಾರಿಯಿಲ್ಲ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಹಚ್ಚಬೇಡಿರಿ, ಬಲ್ಲವರಿಗೆ ತೋರಿಸಿರಿ.

ಹೀಗೆ ಉಳಿಸಿದ್ದನ್ನು ಒಂದೇ ಕಾರ್ಡಿನಲ್ಲಿ ಇಡಬಾರದು. ಒಂದು ಪ್ರತಿ ಯಂತ್ರದಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಬೇರೆ ಊರಿನ ಮಗಳ ಮನೆಯಲ್ಲಿ ಇರಲಿ. ಬೀಜದ ಜೋಳವನ್ನು ಎಲ್ಲವೂ ಒಂದೇ ಚೀಲದಲ್ಲಿ ಯಾವ ಒಕ್ಕಲಿಗನೂ ಇಡುವುದಿಲ್ಲ. ಯಂತ್ರ ಕೆಟ್ಟರೆ ಇನ್ನೊಂದು ಕೊಳ್ಳಬಹುದು. ಅಜ್ಜಿಯ ಧ್ವನಿಯನ್ನು ಯಾವ ಪೇಟೆಯಲ್ಲಿಯೂ ಕೊಳ್ಳಲಾಗದು.

ಮನನಕ್ಕಾಗಿ ಪ್ರಶ್ನೆಗಳು

1. 16 ಜಿಬಿ ಕಾರ್ಡಿನಲ್ಲಿ 5 ನಿಮಿಷದ ಎಷ್ಟು ಹಾಡು ಹಿಡಿಸುತ್ತವೆ?
2. ಸುಳ್ಳು ಕಾರ್ಡನ್ನು ಪತ್ತೆ ಹಚ್ಚುವುದು ಹೇಗೆ?
3. ಸೊಲ್ಲಾಪುರದಲ್ಲಿ ಕೊಂಡ ವಸ್ತುವಿಗೆ ಇಂಡಿ ತಾಲೂಕಿನ ಗ್ರಾಹಕನು ಎಲ್ಲಿ ದೂರು ಕೊಡಬಹುದು?
4. ನಿಮ್ಮ ಮನೆಯಲ್ಲಿ ಎಷ್ಟು ಹಳೆಯ ಕ್ಯಾಸೆಟ್ಟುಗಳಿವೆ? ಅವುಗಳಲ್ಲಿ ಯಾರ ಧ್ವನಿ ಇದೆ? ಪಟ್ಟಿ ಮಾಡಿರಿ.

ಕಡೆಯ ಪ್ರಶ್ನೆಗೆ ಉತ್ತರವನ್ನು ಈ ಶ್ರಾವಣದೊಳಗೆ ಮನೆಯವರೆಲ್ಲ ಕೂಡಿ ಬರೆಯಬೇಕೆಂದು ವಿನಂತಿ.



— ಕಾರ್ಯದರ್ಶಿಗಳು, ಶ್ರೀಮಠ