ಗೂಡೋ, ಕೋಶವೋ? ಓದುಗರು ಕೇಳಿದ ಪ್ರಶ್ನೆ



ಕಥೆ ಪುಸ್ತಕ ಓದುವಾಗ ‘ಇದು ನಿಜವಾಗಿಯೂ ಹೀಗೇ ಆಗುತ್ತದೆಯೇ?’ ಎಂಬ ಅನುಮಾನ ನಿಮಗೆ ಎಂದಾದರೂ ಬಂದಿದೆಯೇ? ಬಂದಾಗ ಏನು ಮಾಡಿದಿರಿ? ಪುಸ್ತಕದಲ್ಲಿ ಅಚ್ಚಾಗಿದೆ ಎಂದ ಮೇಲೆ ಸರಿಯೇ ಇರಬೇಕು ಎಂದುಕೊಂಡು ಪುಟ ತಿರುವಿದಿರಾ? ಹಾಗೆ ಸುಮ್ಮನಾಗದ ಓದುಗರೂ ಇದ್ದಾರೆ. ಅವರು ಕೇಳಿದ ಒಂದು ಪ್ರಶ್ನೆಯ ಬಗ್ಗೆ ಈಗ ತಿಳಿಯೋಣ.

ತೂತುಗಳಿರುವ ಪುಸ್ತಕ

ಅಮೆರಿಕದಲ್ಲಿ ಎರಿಕ್ ಕಾರ್ಲ್ ಎಂಬ ಚಿತ್ರಕಾರರಿದ್ದರು (1929–2021). ಒಮ್ಮೆ ಅವರು ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಯಂತ್ರದೊಡನೆ ಆಟವಾಡುತ್ತಿದ್ದಾಗ, ಪುಸ್ತಕ ಕೊರೆಯುವ ಹುಳುವಿನ ನೆನಪಾಯಿತು. ಆ ಹುಳುವಿನ ಕಥೆ ಬರೆಯಲು ಹೊರಟರು. ಅವರ ಸಂಪಾದಕಿ, ‘ಅದರ ಬದಲು ಕಂಬಳಿಹುಳು ಇದ್ದರೆ ಚೆನ್ನ’ ಎಂಬ ಸಲಹೆ ಕೊಟ್ಟರು. ಹೀಗೆ 1969ರಲ್ಲಿ ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲರ್’, ಅಂದರೆ ‘ಬಲು ಹಸಿದ ಕಂಬಳಿಹುಳು’ ಎಂಬ ಚಿತ್ರಕಥೆ ಹೊರಬಂತು. ಮುಂದೆ ಅದು ಅರವತ್ತಕ್ಕೂ ಹೆಚ್ಚು ಭಾಷೆಗಳಿಗೆ ಹೋಯಿತು.

ಕಥೆ ಸರಳವಾದದ್ದು. ಎಲೆಯ ಮೇಲಿನ ಮೊಟ್ಟೆಯಿಂದ ಪುಟ್ಟ ಹುಳು ಹೊರಬರುತ್ತದೆ. ಸೋಮವಾರ ಒಂದು ಹಣ್ಣು, ಮಂಗಳವಾರ ಎರಡು, ಹೀಗೆ ಶುಕ್ರವಾರದವರೆಗೆ ಹಣ್ಣುಗಳನ್ನು ತಿನ್ನುತ್ತದೆ. ಅದು ತಿಂದ ಕಡೆಯಲ್ಲೆಲ್ಲ ಪುಟದಲ್ಲಿ ನಿಜವಾದ ತೂತು! ಶನಿವಾರ ಕೇಕು, ಐಸ್‌ಕ್ರೀಮು, ಉಪ್ಪಿನಕಾಯಿ ಎಲ್ಲವನ್ನೂ ತಿಂದು ಹೊಟ್ಟೆನೋವು ತಂದುಕೊಳ್ಳುತ್ತದೆ. ಭಾನುವಾರ ಒಂದು ಹಸಿರೆಲೆ ತಿಂದ ಮೇಲೆ ಗುಣವಾಗುತ್ತದೆ. ಆಮೇಲೆ ತನ್ನ ಸುತ್ತ ಗೂಡು ಕಟ್ಟಿಕೊಂಡು, ಎರಡು ವಾರಕ್ಕೂ ಹೆಚ್ಚು ಕಾಲ ಅದರೊಳಗೆ ಇದ್ದು, ಗೂಡನ್ನು ಕಚ್ಚಿ ತೂತು ಮಾಡಿ ಚಿಟ್ಟೆಯಾಗಿ ಹೊರಬರುತ್ತದೆ.

ಓದುಗರು ಕೇಳಿದ್ದೇನು?

ಕಂಬಳಿಹುಳು ಕೇಕು ತಿನ್ನುವುದಿಲ್ಲ ಎಂಬುದು ಪುಟ್ಟ ಮಗುವಿಗೂ ಗೊತ್ತು. ಅದು ತಮಾಷೆಗಾಗಿ ಬರೆದದ್ದು. ಆದರೆ ಬಹಳ ಓದುಗರಿಗೆ ‘ಗೂಡು’ ಎಂಬ ಮಾತಿನ ಬಳಿ ಅನುಮಾನ ಬಂತು. ಇಂಗ್ಲಿಷಿನಲ್ಲಿ ರೇಷ್ಮೆಯ ಹೊದಿಕೆಗೆ ‘ಕಕೂನ್’ ಎನ್ನುತ್ತಾರೆ. ಚಿಟ್ಟೆಯ ಕೋಶಕ್ಕೆ ‘ಕ್ರಿಸಲಿಸ್’ ಎನ್ನುತ್ತಾರೆ. ಪುಸ್ತಕದಲ್ಲಿದ್ದುದು ‘ಕಕೂನ್’ ಎಂಬ ಪದ. ‘ಗೂಡು ಕಟ್ಟುವುದು ಪತಂಗವಲ್ಲವೇ? ಚಿಟ್ಟೆ ಗೂಡಿನಿಂದ ಬಂದದ್ದು ಹೇಗೆ?’ ಎಂಬುದು ಅವರ ಪ್ರಶ್ನೆ.

ಈ ಎರಡರ ವ್ಯತ್ಯಾಸವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಕರ್ನಾಟಕದ ಯಾವುದೇ ರೇಷ್ಮೆ ಬೆಳೆಗಾರರ ಹುಳು ಸಾಕುವ ಮನೆಗೆ ಹೋದರೆ ಸಾಕು.

ಗೂಡಿನೊಳಗೆ ಕೋಶ

ರೇಷ್ಮೆಹುಳು ಪತಂಗದ ಮರಿ. ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುವಾಗ ಅದು ನಾಲ್ಕು ಬಾರಿ ಪೊರೆ ಬಿಡುತ್ತದೆ. ಪೊರೆ ಬಿಡುವ ಮುನ್ನ ಸೊಪ್ಪು ಮುಟ್ಟದೆ ಸುಮ್ಮನೆ ಮಲಗಿರುವುದರಿಂದ ರೈತರು ಇದನ್ನು ‘ಜ್ವರ’ ಎಂದು ಕರೆಯುತ್ತಾರೆ. ನಾಲ್ಕನೇ ಜ್ವರ ಕಳೆದ ಮೇಲೆ ಹುಳು ಸೊಪ್ಪನ್ನು ಗಬಗಬನೆ ತಿಂದು ಹಣ್ಣಾಗುತ್ತದೆ. ಆಗ ಅದನ್ನು ಚಂದ್ರಿಕೆಗೆ ಬಿಡುತ್ತಾರೆ. ಹುಳು ತಲೆಯನ್ನು ಅತ್ತಿತ್ತ ಆಡಿಸುತ್ತ, ಬಾಯಿಯ ಬಳಿಯಿಂದ ಬರುವ ಎಳೆಯನ್ನು ತನ್ನ ಸುತ್ತ ಸುತ್ತಿಕೊಳ್ಳುತ್ತದೆ. ಎರಡು ಮೂರು ದಿನಗಳಲ್ಲಿ ಗೂಡು ಸಿದ್ಧವಾಗುತ್ತದೆ.

ಈ ಗೂಡು ಕೇವಲ ಹೊದಿಕೆ. ಹುಳು ಅದರೊಳಗೆ ಕೊನೆಯ ಬಾರಿ ಪೊರೆ ಬಿಟ್ಟು ಕಂದುಬಣ್ಣದ ಕೋಶವಾಗುತ್ತದೆ. ಕೋಶಕ್ಕೆ ‘ಪ್ಯೂಪಾ’ ಎಂಬ ಹೆಸರೂ ಇದೆ. ಒಣಗಿದ ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎನ್ನುವುದು ಈ ಕೋಶವೇ.

ಇನ್ನು ಪತಂಗ ಹೊರಬರುವುದು ಹೇಗೆ? ಕಚ್ಚಿ ಬರುವುದಿಲ್ಲ. ಬಾಯಿಂದ ಒಂದು ದ್ರವ ಬಿಟ್ಟು ಎಳೆಗಳನ್ನು ಮೆತ್ತಗಾಗಿಸಿ, ದಾರಿ ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಉದ್ದನೆಯ ಎಳೆ ಸಿಗುವುದಿಲ್ಲ. ಅದಕ್ಕಾಗಿಯೇ ನೂಲು ತೆಗೆಯುವ ಗೂಡುಗಳನ್ನು ಪತಂಗ ಹೊರಬರುವ ಮೊದಲೇ ಬಿಸಿ ಮಾಡುತ್ತಾರೆ. ಒಳಗಿನ ಕೋಶ ಸಾಯುತ್ತದೆ.

ಚಿಟ್ಟೆ ಏನು ಮಾಡುತ್ತದೆ?

ಹೆಚ್ಚಿನ ಚಿಟ್ಟೆಗಳ ಹುಳುಗಳು ಹೀಗೆ ಗೂಡು ಕಟ್ಟುವುದಿಲ್ಲ. ಬೆಳೆದ ಹುಳು ಕಡ್ಡಿಗೋ ಎಲೆಗೋ ಸ್ವಲ್ಪ ರೇಷ್ಮೆ ಅಂಟಿಸಿ ತನ್ನ ಹಿಂತುದಿಯನ್ನು ಅದಕ್ಕೆ ಸಿಕ್ಕಿಸಿಕೊಳ್ಳುತ್ತದೆ. ಆಮೇಲೆ ಪೊರೆ ಬಿಡುತ್ತದೆ. ಪೊರೆಯ ಕೆಳಗಿದ್ದ ಹೊಸ ಚರ್ಮವೇ ಗಟ್ಟಿಯಾಗಿ ಕೋಶವಾಗುತ್ತದೆ. ಮೇಲೆ ಬೇರೆ ಹೊದಿಕೆ ಇಲ್ಲ. ಕಣಗಿಲೆ ಗಿಡದ ಎಲೆಯಡಿ ಬೆಳ್ಳಿಯಂತೆ ಹೊಳೆಯುವ ಗುಂಡು ತೂಗಾಡುವುದನ್ನು ನೋಡಿದ್ದೀರಾ? ಅದು ಒಂದು ಚಿಟ್ಟೆಯ ಕೋಶ. (ಕಣಗಿಲೆಯ ಹಾಲು ವಿಷ. ನೋಡಿ, ಕೀಳಬೇಡಿ.)

ಚಿಟ್ಟೆ ಹೊರಬರುವಾಗ ಕೋಶದ ಚರ್ಮ ಬಿರಿಯುತ್ತದೆ. ಕಚ್ಚಲು ಚಿಟ್ಟೆಗೆ ಹಲ್ಲೂ ಇಲ್ಲ, ದವಡೆಯೂ ಇಲ್ಲ. ಇರುವುದು ಮಕರಂದ ಹೀರುವ ಸುರುಳಿ ಕೊಳವೆ. ಆದ್ದರಿಂದ ‘ಕಚ್ಚಿ ತೂತು ಮಾಡಿತು’ ಎಂಬ ಮಾತನ್ನೂ ನಾವು ಪ್ರಶ್ನಿಸಬಹುದು.

ಲೇಖಕರ ಉತ್ತರ

ಎರಿಕ್ ಕಾರ್ಲ್ ಓದುಗರ ಮೇಲೆ ಬೇಸರಿಸಿಕೊಳ್ಳಲಿಲ್ಲ. ತಾವು ಚಿಕ್ಕವರಿದ್ದಾಗ ತಂದೆ ‘ನಿನ್ನ ಗೂಡಿನಿಂದ ಹೊರಗೆ ಬಾ’ ಎನ್ನುತ್ತಿದ್ದರು, ಆ ಮಾತು ಮನಸ್ಸಿನಲ್ಲಿ ಉಳಿದಿತ್ತು ಎಂದು ಹೇಳಿದರು. ತಮ್ಮ ಕಥೆಯಲ್ಲಿ ವಿಜ್ಞಾನಕ್ಕಿಂತ ಕವಿತೆಗೇ ಗೆಲುವಾಯಿತು ಎಂದು ಒಪ್ಪಿಕೊಂಡರು.

ಪ್ರಶ್ನೆ ಇಲ್ಲಿಗೇ ಮುಗಿಯಲಿಲ್ಲ. ಚಿಟ್ಟೆಗಳಲ್ಲಿಯೂ ಗೂಡು ಕಟ್ಟುವವು ಇವೆ! ಹಿಮಾಲಯದಂಥ ಎತ್ತರದ ಚಳಿ ಜಾಗಗಳಲ್ಲಿರುವ ‘ಅಪೊಲೊ’ ಚಿಟ್ಟೆಗಳ ಹುಳುಗಳು ನೆಲದ ಮೇಲಿನ ಕಸಕಡ್ಡಿಯ ನಡುವೆ ತೆಳುವಾದ ರೇಷ್ಮೆಗೂಡು ಕಟ್ಟಿ ಕೋಶವಾಗುತ್ತವೆ. ಪತಂಗಗಳಲ್ಲಿ ಗೂಡು ಕಟ್ಟದವೂ ಇವೆ. ಕೆಲವು ಮಣ್ಣಿನೊಳಗೆ ಇಳಿದು ಅಲ್ಲೇ ಕೋಶವಾಗುತ್ತವೆ. ಅಂದರೆ ‘ಪತಂಗಕ್ಕೆ ಗೂಡು, ಚಿಟ್ಟೆಗೆ ಬರೀ ಕೋಶ’ ಎಂಬುದು ಹೆಚ್ಚಿನವಕ್ಕೆ ಹೊಂದುವ ಮಾತು, ಎಲ್ಲಕ್ಕೂ ಅಲ್ಲ. ಪುಸ್ತಕವನ್ನು ಪ್ರಶ್ನಿಸಿದವರ ಮಾತನ್ನೂ ನಾವು ಪ್ರಶ್ನಿಸಬೇಕು ಎಂದಾಯಿತಲ್ಲವೇ?

ಮಾಡಿ ನೋಡಿ

ಬೇಕಾಗುವವು: ಅಗಲ ಬಾಯಿಯ ಡಬ್ಬಿ, ತೆಳು ಬಟ್ಟೆ, ರಬ್ಬರ್ ಬ್ಯಾಂಡ್, ಒಣ ಕಡ್ಡಿ, ನೋಟ್ ಪುಸ್ತಕ.

1. ಕರಿಬೇವು ಅಥವಾ ನಿಂಬೆ ಗಿಡದ ಎಲೆಗಳನ್ನು ಗಮನಿಸಿ. ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳು ಸಿಗಬಹುದು. ಅದು ಚಿಟ್ಟೆಯ ಮರಿ! ಬೆಳೆದ ಮೇಲೆ ಹಸಿರಾಗುತ್ತದೆ. ಮೈತುಂಬ ಕೂದಲಿರುವ ಹುಳುಗಳನ್ನು ಮಾತ್ರ ಮುಟ್ಟಬೇಡಿ, ತುರಿಕೆಯಾಗುತ್ತದೆ.

2. ಹುಳು ಇರುವ ಎಲೆಯನ್ನು ರೆಂಬೆಸಹಿತ ಡಬ್ಬಿಯಲ್ಲಿಡಿ. ಕಡ್ಡಿಯನ್ನು ಓರೆಯಾಗಿ ನಿಲ್ಲಿಸಿ. ಬಾಯಿಗೆ ಬಟ್ಟೆ ಕಟ್ಟಿ ನೆರಳಿನಲ್ಲಿಡಿ.

3. ದಿನವೂ ಅದೇ ಗಿಡದ ಹೊಸ ಎಲೆ ಕೊಡಿ, ಹಿಕ್ಕೆಯನ್ನು ತೆಗೆದು ಹಾಕಿ. ಬೇರೆ ಸೊಪ್ಪು ಕೊಡಬೇಡಿ. ತನ್ನದಲ್ಲದ ಎಲೆಯನ್ನು ತಿನ್ನುವ ಬದಲು ಅದು ಉಪವಾಸವೇ ಇರುತ್ತದೆ.

4. ಪ್ರತಿದಿನ ತಾರೀಖು, ಹುಳುವಿನ ಉದ್ದ, ಬಣ್ಣ ಬರೆದುಕೊಳ್ಳಿ. ಕೋಶವಾದ ದಿನವನ್ನೂ ಚಿಟ್ಟೆ ಬಂದ ದಿನವನ್ನೂ ಗುರುತಿಸಿ.

5. ಚಿಟ್ಟೆ ಹೊರಬಂದಾಗ ರೆಕ್ಕೆ ಮುದುಡಿರುತ್ತದೆ. ಬಿಡಿಸಲು ಕೈಹಾಕಬೇಡಿ. ರೆಕ್ಕೆ ಹರಡಿ ಒಣಗಿದ ಮೇಲೆ ಗಿಡದ ಬಳಿಯೇ ಹಾರಲು ಬಿಡಿ.

ಕೆಲವೊಮ್ಮೆ ಕೋಶದಿಂದ ಚಿಟ್ಟೆಯ ಬದಲು ಸಣ್ಣ ಸಣ್ಣ ಕಣಜಗಳು ಹೊರಬರುತ್ತವೆ. ತಾಯಿ ಕಣಜ ಇಟ್ಟ ಮೊಟ್ಟೆಯಿಂದ ಬಂದ ಮರಿಗಳು ಕೋಶವನ್ನು ಒಳಗಿನಿಂದಲೇ ತಿಂದು ಬೆಳೆದಿರುತ್ತವೆ. ಆಗ ಪ್ರಯೋಗ ಕೆಟ್ಟಿತು ಎನ್ನಬೇಡಿ. ಕಥೆಯಲ್ಲಿ ಇಲ್ಲದ ಒಂದು ಸಂಗತಿಯನ್ನು ನೀವು ಕಣ್ಣಾರೆ ಕಂಡಿರಿ. ಅದನ್ನೂ ಬರೆದಿಡಿ.

ನೀವೂ ಬರೆಯಿರಿ

ನಿಮ್ಮ ಶಾಲೆಯ ಗ್ರಂಥಾಲಯದಿಂದ ಹಕ್ಕಿ, ಮರ, ಕಪ್ಪೆ ಅಥವಾ ಇರುವೆಯ ಚಿತ್ರಕಥೆಯೊಂದನ್ನು ಆರಿಸಿಕೊಳ್ಳಿ. ಓದಿದ ಮೇಲೆ ಹಾಳೆಯಲ್ಲಿ ಮೂರು ಸಾಲು ಮಾಡಿ: ‘ಕಥೆಯಲ್ಲಿ ಹೀಗಿದೆ’, ‘ನಾನು ನೋಡಿದ್ದು ಹೀಗಿದೆ’, ‘ನನಗೆ ಇನ್ನೂ ತಿಳಿಯದೆ ಇರುವುದು’. ಪುಸ್ತಕದಲ್ಲಿ ಸರಿಯಾಗಿರುವುದನ್ನೂ ಬರೆಯಿರಿ. ಹಸಿದ ಹುಳುವಿನ ಕಥೆಯಲ್ಲಿಯೇ ನೋಡಿ: ಎಲೆಯ ಮೇಲೆ ಮೊಟ್ಟೆ, ತಿಂದು ತಿಂದು ದಪ್ಪಗಾಗುವುದು, ದಿನಗಟ್ಟಲೆ ಅಲುಗಾಡದೆ ಇದ್ದು ರೂಪ ಬದಲಾಗುವುದು, ಇವೆಲ್ಲ ನಿಜವೇ.

ಬರೆದುದನ್ನು ತರಗತಿಯಲ್ಲಿ ಓದಿ, ಗುರುಗಳೊಡನೆ ಚರ್ಚಿಸಿ. ‘ತಪ್ಪಿದೆ’ ಎಂದು ಹೇಳುವ ಮುನ್ನ ನೀವು ಎಲ್ಲಿ, ಎಂದು, ಎಷ್ಟು ಬಾರಿ ನೋಡಿದಿರಿ ಎಂಬುದನ್ನು ಹೇಳಬೇಕು. ಹಾಗೆ ಹೇಳಿದರೆ ಐದನೇ ತರಗತಿಯ ಹುಡುಗಿಯ ಮಾತನ್ನೂ ದೊಡ್ಡ ಲೇಖಕರು ಕೇಳಲೇಬೇಕಾಗುತ್ತದೆ.

ಯೋಚಿಸಿ ಉತ್ತರಿಸಿ

1. ಗೂಡಿಗೂ ಕೋಶಕ್ಕೂ ಇರುವ ವ್ಯತ್ಯಾಸವೇನು?
2. ರೇಷ್ಮೆ ಪತಂಗ ಗೂಡಿನಿಂದ ಹೇಗೆ ಹೊರಬರುತ್ತದೆ?
3. ಚಿಟ್ಟೆ ಗೂಡನ್ನು ಕಚ್ಚಿ ತೂತು ಮಾಡಲಾರದು, ಏಕೆ?
4. ಕಥೆಯಲ್ಲಿ ‘ಗೂಡು’ ಎಂಬ ಪದವನ್ನು ಬದಲಿಸಬೇಕೇ, ಬೇಡವೇ? ನಿಮ್ಮ ಅಭಿಪ್ರಾಯಕ್ಕೆ ಕಾರಣ ಕೊಡಿ.